ಪರಸ್ಥಳದಲ್ಲಿ ಅಂಗಸಾಧನೆ: ಉಡುಪಿನ ಸಂಕೋಚದ ವಿಚಾರ

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಬಾಂಧವರ ನಡುವೆ ಆಗಾಗ ಎದ್ದು, ಉತ್ತರವಿಲ್ಲದೆ ಅಡಗಿಹೋಗುವ ಪ್ರಶ್ನೆಯೊಂದುಂಟು. ಇಲ್ಲಿನವರು ಬೆಳಕು ಹರಿಯುವ ಮೊದಲೇ ಚಡ್ಡಿ ತೊಟ್ಟು, ಬೂಟು ಕಟ್ಟಿ ಬೀದಿಗಿಳಿಯುತ್ತಾರೆ. ಅರುವತ್ತು ದಾಟಿದ ಗೃಹಸ್ಥರೂ ಇಳಿಯುತ್ತಾರೆ, ಅವರ ಮಡದಿಯರೂ ಇಳಿಯುತ್ತಾರೆ. ನಮ್ಮವರಿಂದ ಅದು ಏಕೆ ಆಗುವುದಿಲ್ಲ? ಸಮಯವಿಲ್ಲ ಎಂಬುದು ಮೊದಲು ಬರುವ ಉತ್ತರ. ಕಲ್ಯಾಣದಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಸುಮಾರು 54 ಕಿಲೋಮೀಟರು. ಹೋಗಿ ಬರುವುದರಲ್ಲೇ ದಿನದ ಮೂರು ತಾಸು ಮುಗಿಯುತ್ತದೆ. ಈ ಮಾತು ಸುಳ್ಳಲ್ಲ. ಆದರೆ ರವಿವಾರವೂ ಇಳಿಯದವರು ಎಷ್ಟೋ ಮಂದಿ ಇದ್ದಾರಲ್ಲ! ಅವರನ್ನು ಸ್ವಲ್ಪ ಬಿಡಿಸಿ ಕೇಳಿದರೆ ನಿಜವಾದ ಉತ್ತರ ಹೊರಬೀಳುತ್ತದೆ: "ಆ ವೇಷದಲ್ಲಿ ಹೊರಗೆ ಹೋಗುವುದು ಹೇಗೆ? ನೋಡಿದವರು ಏನೆಂದಾರು?"

ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವ ಕಾರಕೂನನಿಗೆ ನಲವತ್ತರ ಆಚೀಚೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಸೇರಿಕೊಳ್ಳುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ನಮ್ಮ ದೇಶದವರ ಮೈಕಟ್ಟಿಗೆ ಹೊಟ್ಟೆಯ ಬೊಜ್ಜು ವಿಶೇಷ ಅಪಾಯಕಾರಿಯೆಂದೂ, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ದಾಟಬಾರದೆಂದೂ ವೈದ್ಯರು ಹೇಳುತ್ತಾರೆ. ಚುರುಕು ನಡಿಗೆಯಂತಹ ವ್ಯಾಯಾಮ ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೊಮ್ಮೆ ಸಾರಿದೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ತಾಸು. ಈ ಅರ್ಧ ತಾಸನ್ನು ಒಂದು ಚಡ್ಡಿಯ ಸಂಕೋಚಕ್ಕಾಗಿ ಕಳೆದುಕೊಳ್ಳುತ್ತಿದ್ದೇವೆಂದಾದರೆ ಆ ಸಂಕೋಚ ಎಲ್ಲಿಂದ ಬಂತು ಎಂಬುದನ್ನು ವಿಚಾರಿಸಬೇಕು.

ಮೊದಲನೆಯದಾಗಿ, ನಮ್ಮ ಹಳ್ಳಿಗಳಲ್ಲಿ ಕೆಲಸವಿಲ್ಲದೆ ನಡೆಯುವ ಪದ್ಧತಿಯೇ ಇಲ್ಲ. ಗದ್ದೆಗೆ ನಡೆಯುತ್ತಾರೆ, ಸಂತೆಗೆ ನಡೆಯುತ್ತಾರೆ, ನಂಟರ ಮನೆಗೆ ನಡೆಯುತ್ತಾರೆ. ಹೊರಟಲ್ಲಿಂದ ಹೊರಟು ಸುತ್ತು ಹಾಕಿ ಅಲ್ಲಿಗೇ ಹಿಂತಿರುಗುವುದು ಅಲ್ಲಿನ ಲೆಕ್ಕದಲ್ಲಿ ನಡಿಗೆಯಲ್ಲ, ರೋಗದ ಲಕ್ಷಣ. ಇಲ್ಲಿ ರೂಢಿ ಮಾಡಿಕೊಂಡವರು ರಜೆಗೆ ಊರಿಗೆ ಹೋದಾಗ ಮುಂಜಾನೆ ಬೂಟು ಹಾಕಿ ಹೊರಟರೆ ಸಾಕು, ಕುಂದಾಪುರದ ಕಡೆಯಲ್ಲಿ "ಎಂತ ಮಾರಾಯ್ರೇ, ಶುಗರ್ ಉಂಟಾ?" ಎಂದು ಕೇಳುತ್ತಾರೆ, ವಿಜಯಪುರದ ಕಡೆಯಲ್ಲಿ "ಯಾಕ್ರೀ, ಆರಾಮ ಇಲ್ಲೇನ್ರೀ?" ಎಂದು ನಿಲ್ಲಿಸುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕುಹಕವಿಲ್ಲ. ಆರೋಗ್ಯವಂತನಾದವನು ಸುಮ್ಮನೆ ಏಕೆ ಬೆವರಿಳಿಸಬೇಕು ಎಂಬುದು ಅವರ ನಿಜವಾದ ಸಂಶಯ. ದಿನವೆಲ್ಲ ಮೈಮುರಿದು ದುಡಿಯುವವರಿಗೆ ಆ ಸಂಶಯ ಸಹಜವೇ.

ಹಾಗೆಂದು ನಮ್ಮ ನಾಡಿನಲ್ಲಿ ಅಂಗಸಾಧನೆಯೇ ಇರಲಿಲ್ಲವೆಂದಲ್ಲ. ಅದಕ್ಕೆ ಬೇರೆಯೇ ಮನೆಯಿತ್ತು. ಹಳೆಯ ಮೈಸೂರಿನವರು ಅದನ್ನು ಗರಡಿಮನೆ ಎಂದರು. ಧಾರವಾಡ, ಬೆಳಗಾವಿಯ ಕಡೆಯವರು ತಾಲೀಮು ಎಂಬ ಮಾತನ್ನೂ ಬಳಸುತ್ತಾರೆ, ಮರಾಠಿಯವರದೂ ಅದೇ ಮಾತು. ತುಳುನಾಡಿನವರಿಗೆ ಗರೋಡಿ ಎಂದೊಡನೆ ನೆನಪಾಗುವುದು ಕುಸ್ತಿಯಲ್ಲ, ಕೋಟಿ ಚೆನ್ನಯರ ದೈವಸ್ಥಾನ. ವೀರರು ಸಾಧನೆ ಮಾಡಿದ ಮನೆ ಕಾಲಕ್ರಮದಲ್ಲಿ ಆ ವೀರರನ್ನೇ ಪೂಜಿಸುವ ಮನೆಯಾಯಿತು. ಈ ಒಂದು ಪದದ ಅರ್ಥಭೇದದಿಂದ ಡೊಂಬಿವಲಿಯ ಒಂದೇ ಚಾಳಿನಲ್ಲಿ ಇಬ್ಬರು ಕನ್ನಡಿಗರು ಬೇರೆ ಬೇರೆ ಅರ್ಥದಲ್ಲಿ "ಗರಡಿಗೆ ಹೋಗಿದ್ದೆ" ಎಂದು ಹೇಳಿ ಒಬ್ಬರನ್ನೊಬ್ಬರು ಗಲಿಬಿಲಿಗೊಳಿಸುವುದುಂಟು.

ಗರಡಿಯ ಉಡುಪು ಲಂಗೋಟಿ, ಹೆಚ್ಚೆಂದರೆ ಅದರ ಮೇಲೊಂದು ಬಿಗಿಯಾದ ಚಡ್ಡಿ. ಊರಿನ ಹಿರಿಯರು ಕಿಟಕಿಯ ಆಚೆ ನಿಂತು ನೋಡುತ್ತಿದ್ದರೂ ಅದರಿಂದ ಯಾರ ಮಾನವೂ ಹೋಗಲಿಲ್ಲ. ಏಕೆಂದರೆ ಅಲ್ಲಿನ ನೆಲ ಅದನ್ನು ಬೇಡುತ್ತದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಮೊದಲಾದುವನ್ನು ಬೆರೆಸಿ ಹದಗೊಳಿಸಿದ ಮಟ್ಟಿಯಲ್ಲಿ ಉರುಳುವಾಗ ಅಂಗಿ ಧೋತರಗಳಿದ್ದರೆ ಎದುರಾಳಿಯ ಕೈಗೆ ಹಿಡಿ ಕೊಟ್ಟಂತೆಯೇ ಸರಿ. ಮಣ್ಣು ತುಂಬಿದ ಬಟ್ಟೆ ಮೈಯನ್ನು ಕೆರೆದೂ ಹಾಕುತ್ತದೆ. ಮೈಗೆ ಮೆತ್ತಿದ ಮಣ್ಣೇ ಬೆವರನ್ನು ಹೀರುತ್ತದೆ, ಅದೇ ಅಲ್ಲಿನ ಅಂಗಿ.

ಇಲ್ಲಿ ನಮ್ಮ ನೆರೆಯವರಾದ ಮರಾಠಿಗರಿಗೆ ಬಹು ಅಭಿಮಾನದ ವಿಷಯವಾದ ಮಲ್ಲಕಂಬವನ್ನು ನೋಡಿರಿ. ಹರಳೆಣ್ಣೆ ಸವರಿದ ಕಂಬವನ್ನು ತೊಡೆ, ಕಂಕುಳು, ಪಾದಗಳಿಂದ ಅಪ್ಪಿ ಹಿಡಿಯಬೇಕು. ಬಟ್ಟೆ ಅಡ್ಡ ಬಂದರೆ ಜಾರಿ ಬೀಳುವುದೇ ಗತಿ. ಆದುದರಿಂದ ಅಲ್ಲಿಯೂ ಲಂಗೋಟಿ ಅಥವಾ ಬಿಗಿಯಾದ ತುಂಡು ಚಡ್ಡಿ. ಎರಡನೆಯ ಬಾಜೀರಾಯ ಪೇಶ್ವೆಯ ಕಾಲದಲ್ಲಿ ಬಾಳಂಭಟ್ಟದಾದಾ ದೇವಧರ ಎಂಬ ಉಸ್ತಾದರು ಇದಕ್ಕೆ ಮರುಹುಟ್ಟು ಕೊಟ್ಟರು. ದಾದರಿನ ಶಿವಾಜಿ ಪಾರ್ಕಿನಲ್ಲಿರುವ ಶ್ರೀ ಸಮರ್ಥ ವ್ಯಾಯಾಮ ಮಂದಿರ 1925ರಿಂದ ಇದನ್ನು ಕಲಿಸುತ್ತ ಬಂದಿದೆ. 2019ರಲ್ಲಿ ಮಲ್ಲಕಂಬದ ಮೊದಲ ವಿಶ್ವ ಸ್ಪರ್ಧೆ ನಡೆದದ್ದೂ ಅಲ್ಲಿಯೇ. ಆದರೆ ಕಂಬದ ಸಾಧನೆಯ ಹಳೆಯ ಉಲ್ಲೇಖ ದೊರೆಯುವುದು ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ. ಅದನ್ನು ಬರೆಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. (ಈ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಇಲ್ಲಿನ ಮಿತ್ರರೊಡನೆ ವಾದಕ್ಕಿಳಿಯುವ ಮೊದಲು ಇದು ನೆನಪಿರಲಿ.) ಆ ಗ್ರಂಥದಲ್ಲಿ ಮಲ್ಲರಿಗೆ ಹೇಳಿದ ಸಾಧನೆಗಳಲ್ಲಿ ಕಂಬದ ಜೊತೆಗೆ ನೀರಿನಲ್ಲಿ ಈಜುವುದೂ ಉಂಟು, ಮುಂಜಾನೆಯ ನಡಿಗೆಯೂ ಉಂಟು. ಕೆಲಸವಿಲ್ಲದ ನಡಿಗೆ ಪರಸ್ಥಳದವರು ಕಲಿಸಿದ ಚಟವೆಂದು ತಿಳಿದ ನಮ್ಮವರು ಇದನ್ನು ಗಮನಿಸಬೇಕು.

ಹೀಗೆ ನೋಡಿದರೆ ಅಂಗಸಾಧನೆಯ ಉಡುಪನ್ನು ನಿರ್ಧರಿಸಿದ್ದು ಸಭ್ಯತೆಯ ನಿಯಮಕ್ಕಿಂತ ಹೆಚ್ಚಾಗಿ ನೆಲವೇ ಎಂದು ಕಾಣುತ್ತದೆ. ನೆಲ ಬದಲಾದರೆ ಉಡುಪೂ ಬದಲಾಗುತ್ತದೆ. ಗರಡಿಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡೇ ಇಳಿಯಬೇಕು. ಆ ಸಂಸ್ಕಾರದಲ್ಲಿ ಬೆಳೆದವನು ಇಲ್ಲಿನ ಜಿಮ್ಮಿಗೆ ಹೋಗಿ ಹೊಸ್ತಿಲಲ್ಲಿ ಬೂಟು ಕಳಚಿದರೆ ಅಲ್ಲಿನ ಕಲಿಸುವವನು ಗದರಿಸಿ ಮತ್ತೆ ಹಾಕಿಸುತ್ತಾನೆ. ಕಬ್ಬಿಣದ ಬಿಲ್ಲೆ ಬರಿಗಾಲಿನ ಮೇಲೆ ಬಿದ್ದರೆ ಬೆರಳು ಉಳಿಯದು, ಅದಕ್ಕಾಗಿ. ಆದರೆ ಬೀದಿಯಲ್ಲಿ ತುಳಿದ ಬೂಟೂ ಅಲ್ಲಿಗೆ ಸಲ್ಲದು. ಬೇರೆ ಜೊತೆಯನ್ನು ಚೀಲದಲ್ಲಿ ಒಯ್ಯಬೇಕು, ಬೆವರು ಒರೆಸಲು ಸ್ವಂತ ಟವೆಲು ಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದು ಒಳ್ಳೆಯದೆಂದು ಉದ್ಯಾನಗಳಲ್ಲಿ ಯಾರಾದರೂ ಉಪದೇಶಿಸಿದರೆ ಒಪ್ಪಬೇಡಿರಿ. ಪಾದ ಜೋಮುಗಟ್ಟಿದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ, ಗಾಯ ಮಾಯುವುದೂ ಇಲ್ಲ. ಕಾಲುಚೀಲ, ಬೂಟು ಅವರಿಗೆ ಅಲಂಕಾರವಲ್ಲ.

ಈಜುಕೊಳದಲ್ಲಂತೂ ನಮ್ಮ ಕರಾವಳಿಯ ಹುಡುಗರಿಗೆ ಅಪಮಾನವೇ ಆಗುತ್ತದೆ. ನೇತ್ರಾವತಿ, ಶರಾವತಿಗಳಲ್ಲಿ ಬೈರಾಸು ಸುತ್ತಿ ಹಾರಿ ಈಜು ಕಲಿತವರನ್ನು ಇಲ್ಲಿ ಹತ್ತಿಯ ಚಡ್ಡಿಯಲ್ಲಿ ನೀರಿಗಿಳಿಯಬಾರದೆಂದು ಕಾವಲಿನವನು ತಡೆಯುತ್ತಾನೆ. ಮೈಗೆ ಅಂಟುವ ನೈಲಾನಿನ ಉಡುಪು, ತಲೆಗೆ ಟೊಪ್ಪಿ ಬೇಕೆನ್ನುತ್ತಾನೆ. ಇದು ಶ್ರೀಮಂತರ ಷೋಕಿಯಲ್ಲ. ನದಿಯ ನೀರು ಹರಿದುಹೋಗುತ್ತದೆ, ಕೊಳದ ನೀರು ಸೋಸುವ ಯಂತ್ರದೊಳಗೆ ಹೋಗಿ ಅದೇ ಹಿಂತಿರುಗುತ್ತದೆ. ಹತ್ತಿಯ ಎಳೆ, ಕೂದಲು, ಹೊರಗಿನ ಕೊಳೆ ಎಲ್ಲವೂ ಆ ಯಂತ್ರವನ್ನು ಕಟ್ಟಿಸುತ್ತವೆ. ಫ್ರಾನ್ಸ್ ದೇಶದ ಸಾರ್ವಜನಿಕ ಕೊಳಗಳಲ್ಲಿ ಅಲ್ಲಿನವರನ್ನೇ ಸಡಿಲ ಚಡ್ಡಿಯಲ್ಲಿ ಇಳಿಯಗೊಡುವುದಿಲ್ಲ. ಬೀದಿಯಲ್ಲಿ ತೊಟ್ಟದ್ದನ್ನು ನೀರಿಗೆ ತರಬಾರದು ಎಂಬುದೇ ಅಲ್ಲಿಯೂ ಕಾರಣ.

ನಮ್ಮ ಕನ್ನಡ ನಾಡಿನಿಂದ ಪರಸ್ಥಳಕ್ಕೆ ಹೋಗಿ, ಅಂಗಸಾಧನೆಯನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರೊಬ್ಬರ ಕಥೆ ಇಲ್ಲಿ ಹೇಳಲೇಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಕಾಯಿಲೆಯ ಮೇಲೆ ಕಾಯಿಲೆ ಬಿದ್ದು ಕೃಶರಾಗಿದ್ದ ಹುಡುಗ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ. ಆಚಾರ್ಯರ 'ಯೋಗ ಮಕರಂದ' 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲಿಯೇ. 1936ರಲ್ಲಿ ಆಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸದಲ್ಲಿದ್ದಾಗ ಧಾರವಾಡದಲ್ಲಿ ಕೆಲವು ಸ್ತ್ರೀಯರು ತಮಗೂ ಕಲಿಸಬೇಕೆಂದು ಕೇಳಿಕೊಂಡರು. ಹೆಂಗಸರಿಗೆ ಕಲಿಸಲು ಹಿರಿಯ ಶಿಷ್ಯರು ಹಿಂಜರಿದರು. ಕೊನೆಗೆ ಎಲ್ಲರಿಗಿಂತ ಕಿರಿಯನೆಂಬ ಕಾರಣಕ್ಕೆ ಆ ಕೆಲಸ ಇವರ ಪಾಲಿಗೆ ಬಂತು. ಮರುವರ್ಷ, 1937ರಲ್ಲಿ, ಬೆಳಗಾವಿಯಲ್ಲಿ ಇವರ ಆಸನಗಳನ್ನು ಕಂಡಿದ್ದ ಡಾ. ವಿ. ಬಿ. ಗೋಖಲೆ ಎಂಬ ಶಸ್ತ್ರವೈದ್ಯರ ಪ್ರೇರಣೆಯಿಂದ ಪುಣೆಯ ಡೆಕ್ಕನ್ ಜಿಮಖಾನೆಗೆ ಆರು ತಿಂಗಳ ಮಟ್ಟಿಗೆ ಹೋದರು. ಮರಾಠಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ, ಕಲಿಯಬಂದವರು ತಮಗಿಂತ ಗಟ್ಟಿಮುಟ್ಟಾದವರು. ಆರು ತಿಂಗಳಿಗೆಂದು ಹೋದವರು 2014ರಲ್ಲಿ ತೀರಿಕೊಳ್ಳುವವರೆಗೂ ಪುಣೆಯವರಾಗಿಯೇ ಉಳಿದರು. 1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಪರಿಚಯವಾದ ಮೇಲೆ ಅವರ ವಿದ್ಯೆ ಕಡಲಾಚೆಗೆ ಹೋಯಿತು.

ನಮ್ಮ ವಿಷಯಕ್ಕೆ ಬೇಕಾದ ಮಾತು ಇದರ ಮುಂದಿನದು. ಅಯ್ಯಂಗಾರರ ಪದ್ಧತಿಯಲ್ಲಿ ಮಂಡಿ ನೆಟ್ಟಗಾಗಿದೆಯೇ, ತೊಡೆಯ ಸ್ನಾಯು ಮೇಲಕ್ಕೆ ಎಳೆದಿದೆಯೇ ಎಂಬುದನ್ನು ಕಲಿಸುವವರು ಕಣ್ಣಾರೆ ಕಾಣಬೇಕು. ಸೀರೆಯಲ್ಲಿ, ಪೈಜಾಮದಲ್ಲಿ ಅದು ಕಾಣದು. ಅದಕ್ಕಾಗಿ ತೊಡೆಯ ಬಳಿ ಎಲಾಸ್ಟಿಕ್ ಇಟ್ಟು ಹೊಲಿದ ನೆರಿಗೆಯ ಉಬ್ಬು ಚಡ್ಡಿ ಅಲ್ಲಿ ರೂಢಿಗೆ ಬಂತು. ತಲೆ ಕೆಳಗಾಗಿ ನಿಂತರೂ ಅದು ಜಾರದು, ಮಂಡಿಯೂ ಕಾಣುತ್ತದೆ. ನೋಡಲು ಏನೇನೂ ಚೆಂದವಿಲ್ಲದ ಈ ಚಡ್ಡಿಯನ್ನು ಪುಣೆಯ ಮಧ್ಯಮ ವರ್ಗದ ಗೃಹಿಣಿಯರು ತೊಟ್ಟರು, ಲಂಡನ್ನಿನವರೂ ತೊಟ್ಟರು. ಮರ್ಯಾದೆಗೆ ಭಂಗ ಬಂತೆಂದು ಯಾರೂ ದೂರಲಿಲ್ಲ, ಏಕೆಂದರೆ ಅದು ಯಾವ ಕೆಲಸಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಬೆಂಗಳೂರಿನ ಕೆ. ವಿ. ಅಯ್ಯರ್ ಅವರದೂ ಇಂತಹುದೇ ಸಂಗತಿ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿದ ನಮ್ಮ ಎಷ್ಟೋ ವಾಚಕರಿಗೆ ಅವರು ದೇಶಕ್ಕೇ ಹೆಸರಾದ ವ್ಯಾಯಾಮಪಟುವಾಗಿದ್ದರೆಂಬುದು ತಿಳಿದಿರಲಾರದು. ಬರಿಯ ಲಂಗೋಟಿಯಲ್ಲಿ ತೆಗೆಸಿಕೊಂಡ ಅವರ ಭಾವಚಿತ್ರಗಳು ಪುಸ್ತಕಗಳಲ್ಲಿ ಅಚ್ಚಾಗಿ ಮನೆಮನೆಗೂ ಹೋದವು.

ಸ್ತ್ರೀಯರ ಮಾತು ಬಂದದ್ದರಿಂದ ಇನ್ನಷ್ಟು ಹೇಳಬೇಕಾಗಿದೆ. ಸಂಕೋಚದ ಹೊರೆ ಹೆಚ್ಚಾಗಿ ಬಿದ್ದಿರುವುದು ಅವರ ಮೇಲೆಯೇ. ಗರಡಿಮನೆ ಹೆಂಗಸರಿಗೆ ಬಾಗಿಲು ತೆರೆಯಲಿಲ್ಲ. ಅದು ಆ ಸಂಪ್ರದಾಯದ ದೊಡ್ಡ ಕೊರತೆಯೆಂದೇ ಹೇಳಬೇಕು. ಊರಿನಲ್ಲಿ ಬಾವಿಯ ನೀರು ಸೇದಿ, ಭತ್ತ ಕುಟ್ಟಿ ಬೆಳೆದ ಹುಡುಗಿ ಮದುವೆಯಾಗಿ ಇಲ್ಲಿಯ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರಕ್ಕೆ ಬರುತ್ತಾಳೆ. ನಲ್ಲಿಯಲ್ಲಿ ನೀರು, ಮಿಕ್ಸರಿನಲ್ಲಿ ಅರೆತ. ಮೈಗೆ ಇದ್ದ ದುಡಿತ ಹೋಯಿತು, ಅದರ ಬದಲಿಗೆ ಬೇರೊಂದು ಬರಲಿಲ್ಲ. ನಡೆಯಲು ಹೋಗೆಂದರೆ "ಅತ್ತೆಯವರು ಏನೆನ್ನುತ್ತಾರೋ, ಸೀರೆಗೆ ಬೂಟು ಹಾಕಿದರೆ ಜನ ನಗುವುದಿಲ್ಲವೇ?" ಎಂಬ ಉತ್ತರ. ಠಾಣೆಯ ಉಪವನ, ಕಲ್ಯಾಣದ ಕಾಳಾ ತಲಾವ್, ನೆರೂಳಿನ ಕೆರೆದಂಡೆಗಳಿಗೆ ಒಂದು ಮುಂಜಾನೆ ಹೋಗಿ ನೋಡಿರಿ. ಸೀರೆಗೆ ಕ್ಯಾನ್‌ವಾಸ್ ಬೂಟು ಹಾಕಿದ ಅಜ್ಜಿಯರು ಸಾಲಾಗಿ ಹೋಗುತ್ತಿರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ಮರಾಠಿ ಹೆಂಗಸರ ಒಂಬತ್ತು ಗಜದ ಸೀರೆ ಕಾಲುಗಳನ್ನು ಬೇರೆ ಬೇರೆಯಾಗಿ ಬಿಡುತ್ತದೆ. ಯುಗಾದಿಯ ಮೆರವಣಿಗೆಯಲ್ಲಿ ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಅದನ್ನುಟ್ಟೇ ಲೇಜೀಮು ಕುಣಿಯುತ್ತಾರೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರ ಕಚ್ಚೆ ಸೀರೆಯೂ ಅದೇ ಕಟ್ಟಿನದು. ಹೊಲದಲ್ಲಿ ಬಗ್ಗಿ ಕಳೆ ಕೀಳಲು, ಹೊರೆ ಹೊತ್ತು ಒಡ್ಡು ಏರಲು ಅದು ಹುಟ್ಟಿದ್ದು. ಕೆಲಸಕ್ಕೆ ತಕ್ಕಂತೆ ಕಾಲು ಬಿಡಿಸಿಕೊಡುವ ಉಡುಪು ನಮ್ಮ ಸ್ತ್ರೀಯರಿಗೆ ಹೊಸದಲ್ಲ ಎಂದಾಯಿತು. ಆರು ಗಜದ ಸೀರೆಯಲ್ಲಿ ನಿಧಾನದ ನಡಿಗೆಗೆ ಅಡ್ಡಿಯಿಲ್ಲ. ಚುರುಕಾಗಿ ನಡೆದರೆ ನೆರಿಗೆ ಕಾಲಿಗೆ ತೊಡರುತ್ತದೆ, ಮಳೆಯಲ್ಲಿ ಅಂಚು ನೆನೆದು ಭಾರವಾಗುತ್ತದೆ. ಸಲವಾರ ಕಮೀಜು ಅದಕ್ಕಿಂತ ಮೇಲು. ದುಪ್ಪಟ್ಟಾ ಇದ್ದರೆ ಹಿಂದೆ ಗಂಟು ಹಾಕಿಕೊಳ್ಳಲಿ. ಟ್ರ್ಯಾಕ್ ಪ್ಯಾಂಟಿನ ಮೇಲೆ ಮಂಡಿಯವರೆಗಿನ ಕುರ್ತಾ ತೊಡುವುದು ಈಚೆಗೆ ಇಲ್ಲೆಲ್ಲ ಸಾಮಾನ್ಯವಾಗಿದೆ. ಅತ್ತೆ ಸೊಸೆಯರಿಬ್ಬರಿಗೂ ಒಪ್ಪಿಗೆಯಾಗಬಹುದಾದ ರಾಜಿ ಅದು. ಅತ್ತೆಯವರನ್ನೂ ಜೊತೆಗೆ ಕರೆದೊಯ್ದರೆ ಆಕ್ಷೇಪಣೆಯ ಅರ್ಧ ಭಾಗ ಅಲ್ಲಿಗೇ ಮುಗಿಯಿತು.

ಹೋಟೆಲಿನಲ್ಲಿ, ಗೋದಾಮಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ಬಾಂಧವರು "ನಮಗೆ ದಿನವಿಡೀ ವ್ಯಾಯಾಮವೇ" ಎನ್ನುತ್ತಾರೆ. ಪೂರ್ತಿ ಹಾಗಲ್ಲ. ಒಂದೇ ಭುಜದ ಮೇಲೆ ಮೂಟೆ ಹೊರುವುದು, ಹನ್ನೆರಡು ತಾಸು ಒಲೆಯ ಮುಂದೆ ನಿಲ್ಲುವುದು ದೇಹದ ಒಂದು ಭಾಗವನ್ನು ಸವೆಸುತ್ತದೆಯೇ ಹೊರತು ಉಳಿದುದನ್ನು ಬೆಳೆಸುವುದಿಲ್ಲ. ನಿಂತೇ ದುಡಿಯುವವರಿಗೆ ಕಾಲಿನ ರಕ್ತನಾಳ ಉಬ್ಬುವುದು ಸಾಮಾನ್ಯ. ನಿಂತಲ್ಲಿಯೇ ತಾಸಿಗೊಮ್ಮೆ ಹಿಮ್ಮಡಿಯನ್ನು ಹತ್ತಿಪ್ಪತ್ತು ಬಾರಿ ಎತ್ತಿ ಇಳಿಸಿದರೆ ಮೀನಖಂಡದ ಸ್ನಾಯುಗಳು ಹಿಂಡಿಕೊಂಡು ರಕ್ತ ಮೇಲಕ್ಕೆ ಹರಿಯುತ್ತದೆ. ರಾತ್ರಿ ಮಲಗುವ ಮೊದಲು ಕಾಲನ್ನು ಗೋಡೆಗೆ ಒರಗಿಸಿ ಸ್ವಲ್ಪ ಹೊತ್ತು ಎತ್ತರದಲ್ಲಿ ಇಟ್ಟರೆ ಹಗುರವಾಗುತ್ತದೆ. ಇದಕ್ಕೆ ವಿಶೇಷ ಉಡುಪು ಬೇಡ, ಲುಂಗಿ ಸಾಕು.

ಆದರೆ ಉಡುಪಿನ ವಿಷಯದಲ್ಲಿ ಅವರಿಗೂ ಕಾರಕೂನರಿಗೂ ಸಮಾನವಾಗಿ ತಗಲುವ ತೊಂದರೆಯೊಂದುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಪ್ರಾಂತದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಬೆವರಿನ ಹತ್ತಿ ಬನಿಯನನ್ನು, ಅರೆ ಒಣಗಿದ ಚಡ್ಡಿಯನ್ನು ಮರುದಿನವೂ ತೊಟ್ಟರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಒಂದೇ ಕೋಣೆಯಲ್ಲಿ ಎಂಟು ಮಂದಿ ಇದ್ದು, ಟವೆಲು ಹಂಚಿಕೊಂಡರೆ ಎಂಟು ಮಂದಿಗೂ ಏಳುತ್ತದೆ. ನಾಚಿಕೆಯಿಂದ ವೈದ್ಯರಿಗೆ ತೋರಿಸದೆ ಔಷಧದ ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚುತ್ತಾರೆ. ಎರಡು ದಿನ ತುರಿಕೆ ನಿಂತು, ಆಮೇಲೆ ಇಮ್ಮಡಿಯಾಗಿ ಹಬ್ಬಿ, ತಿಂಗಳುಗಟ್ಟಲೆ ಬಿಡುವುದಿಲ್ಲ. ಸಾಧನೆಯ ಬಟ್ಟೆ ಎರಡು ಜೊತೆಯಾದರೂ ಇರಬೇಕು. ಮಳೆಗಾಲದಲ್ಲಿ ಬೇಗ ಒಣಗುವ ತೆಳು ಪಾಲಿಯೆಸ್ಟರಿನದೇ ಅನುಕೂಲ, ಆದರೆ ಬೆವರಿಳಿದ ಒಡನೆ ಅದನ್ನು ಕಳಚಿ ಸ್ನಾನ ಮಾಡಬೇಕು. ಒಳಉಡುಪು ಹತ್ತಿಯದೇ, ಸಡಿಲವಾದದ್ದೇ ಇರಲಿ. ಒಣಗದಿದ್ದರೆ ಇಸ್ತ್ರಿ ಹಾಕಿ ಒಣಗಿಸಿ ತೊಡಬಹುದು.

ನಮ್ಮ ಈ ಊರುಗಳಿಂದ ಕಡಲಾಚೆಗೆ ಹೋಗುವ ತರುಣರ ಸಂಖ್ಯೆ ದೊಡ್ಡದಿರುವುದರಿಂದ ಅವರಿಗಾಗಿ ಎರಡು ಮಾತು. ಕೊಲ್ಲಿಯ ದೇಶಗಳಲ್ಲಿ ಬೇಸಿಗೆಯ ಹಗಲು ಹೊರಗೆ ನಡೆಯುವಂತಿಲ್ಲ. ರಾತ್ರಿಯ ಊಟದ ನಂತರ ಸಮುದ್ರದಂಡೆಯಲ್ಲಿ ನಡೆಯುವುದು ಅಲ್ಲಿನ ರೂಢಿ. ಮಂಡಿ ಮುಚ್ಚುವ ಚಡ್ಡಿ, ತೋಳಿರುವ ಅಂಗಿ ಅಲ್ಲಿ ಉಚಿತ. ಅನೇಕ ವ್ಯಾಯಾಮಶಾಲೆಗಳಲ್ಲಿ ಹೆಂಗಸರಿಗೆ ಬೇರೆ ವೇಳೆ ಅಥವಾ ಬೇರೆ ಕೋಣೆ ಇರುತ್ತದೆ. ಸೌದಿ ಅರೇಬಿಯದಲ್ಲಿ ಸ್ತ್ರೀಯರ ವ್ಯಾಯಾಮಶಾಲೆಗಳಿಗೆ ಸರಕಾರ ಪರವಾನಗಿ ಕೊಡಲು ಹೊರಟದ್ದೇ 2017ರಲ್ಲಿ.

ಯುರೋಪು, ಅಮೇರಿಕಗಳಿಗೆ ಹೋದವರಿಗೆ ಬೀದಿಯಲ್ಲಿ ಯಾವ ತೊಡಕೂ ಇಲ್ಲ. ಬೆಚ್ಚಿಬೀಳುವುದು ಜಿಮ್ಮಿನ, ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ. ಕೊಳಕ್ಕಿಳಿಯುವ ಮೊದಲು ಅಲ್ಲಿ ಮೈ ತೊಳೆಯಲೇಬೇಕು; ಸಾಲು ನಲ್ಲಿಗಳ ಕೆಳಗೆ ಗಂಡಸರು ಗಂಡಸರ ಎದುರಿಗೆ, ಹೆಂಗಸರು ಹೆಂಗಸರ ಎದುರಿಗೆ ಪೂರ್ತಿ ಬಟ್ಟೆ ಕಳಚಿ ಸ್ನಾನ ಮಾಡುತ್ತಾರೆ, ಹವಾಮಾನದ ಮಾತನ್ನೂ ಆಡುತ್ತಾರೆ. ಗರಡಿಯಲ್ಲಿ ಲಂಗೋಟಿಯಲ್ಲಿ ನಿಂತರೂ, ಹೊಳೆಯಲ್ಲಿ ಮಿಂದರೂ ಸೊಂಟದ ಬಟ್ಟೆ ಬಿಡದ ನಮ್ಮವರಿಗೆ ಇದು ವಿಚಿತ್ರವೆನಿಸುತ್ತದೆ. ಅವರಿಗೆ ನಾವು ಚಡ್ಡಿ ತೊಟ್ಟು ಸ್ನಾನ ಮಾಡುವುದು ಅಷ್ಟೇ ವಿಚಿತ್ರ, ಮೈ ಸರಿಯಾಗಿ ತೊಳೆಯಲಿಲ್ಲವಲ್ಲ ಎಂದು. ಈಗೀಗ ಬಹಳ ಕಡೆ ಬಾಗಿಲಿರುವ ಸಣ್ಣ ಸ್ನಾನದ ಕೋಣೆಗಳೂ ಇರುತ್ತವೆ. ಕೆಲಸದವರನ್ನು ಕೇಳಿದರೆ ತೋರಿಸುತ್ತಾರೆ. ಬಟ್ಟೆ ಬದಲಿಸುವಾಗ ಸೊಂಟಕ್ಕೆ ದೊಡ್ಡ ಟವೆಲು ಸುತ್ತಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಊರಿನಿಂದ ಹೊರಡುವಾಗ ಒಂದು ಬೈರಾಸನ್ನು ಪೆಟ್ಟಿಗೆಗೆ ಸೇರಿಸಿಕೊಂಡು ಹೋಗಬಹುದು.